ಇನ್ನೂ ನಡಿತೈತಿ

ಆಗಸ್ಟ್ 10, ರವಿವಾರ

ಇವತ್ತು ಊಟಕ್ಕೆ ಕೂತಾಗ ಮತ್ತೆ ಮಿಕ್ಸರಿನ ಗುಣಗಾನ ಆಯಿತು. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಬಾಯಿಗಿಟ್ಟವರೇ ಇವರು, ‘ಮೂವತ್ತು ವರ್ಷಾತು ನೋಡು. ಒಂದ ಸಲನೂ ರಿಪೇರಿ ಇಲ್ಲ. ಇನ್ನೂ ನಡಿತೈತಿ’ ಎಂದರು. ಶೇಂಗಾ ಹುರಿದದ್ದು ನಾನು, ಸಿಪ್ಪೆ ಕೇರಿದ್ದು ನಾನು. ಹೊಗಳಿಕೆ ಮಿಕ್ಸರಿಗೆ.

ಈ ಮನೆಗೆ ಎರಡನೆಯವಳಾಗಿ ಬಂದು ಎರಡು ವರ್ಷವಾಯಿತು. ನಲವತ್ತೆರಡು ತುಂಬಿದ ಮೇಲೆ ಮದುವೆಯಾದವಳಿಗೆ ಹೊಸ ಮನೆ, ಹೊಸ ಸಾಮಾನು ಯಾರು ಕೂಡಿಸಿಡುತ್ತಾರೆ? ಮಿಕ್ಸರು ಮೊದಲಿನವಳ ತವರಿನವರು ಕೊಟ್ಟದ್ದು. ಜಾರಿನ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಸೌ. ಗೌರಾಬಾಯಿ’ ಎಂದು ಹೆಸರು ಹೊಡೆಸಿದ್ದಾರೆ. ಗೋಡೆಯ ಗಡಿಯಾರ ಆಕೆಯ ಮದುವೆಗೆ ಬಂದ ಆಯಾರ. ಇಸ್ತ್ರಿ ಪೆಟ್ಟಿಗೆಯೂ ಆಕೆಯದೇ. ನನ್ನ ತಮ್ಮ ಕೊಟ್ಟ ಸೂಟ್‌ಕೇಸಿನ ಗಾಲಿ ಮಾತ್ರ ಗಾಂಧಿ ಚೌಕ ದಾಟುವುದರೊಳಗೆ ಕಳಚಿ ಬಿದ್ದಿತ್ತು. ಆಕೆ ಸತ್ತು ಆರು ವರ್ಷ. ಈ ಸಾಮಾನು ನೋಡಿದರೆ ಸಂತೆಗೆ ಹೋಗಿದ್ದಾಳೆ, ಇನ್ನೇನು ಬಂದುಬಿಡುತ್ತಾಳೆ ಅನ್ನಬೇಕು.

ಆಕೆಯ ಮಗಳು ಕಾವ್ಯಾ ಬಸುರಿ. ಬಬಲೇಶ್ವರಕ್ಕೆ ಕೊಟ್ಟ ಹುಡುಗಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಎಂಬುದು ಪದ್ಧತಿ. ತವರು ಅಂದರೆ ಈ ಮನೆಯೇ ತಾನೇ? ಆದರೆ ಜೈನಾಪುರದ ಸೋದರಮಾವ ಅಮರಪ್ಪ, ‘ಹಡದವ್ವ ಇಲ್ಲದ ಮನ್ಯಾಗ ಎಂಥಾ ಬಾಣಂತನ? ನಾ ಒಯ್ತೇನಿ’ ಎಂದು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಾನೆ. ಒಯ್ಯಲಿ. ನನಗೆ ನೀರು ಕಾಯಿಸಿ ಹಾಕುವ ಕೆಲಸ ತಪ್ಪಿತು. ಗುಡಿ ಓಣಿಯ ಹೆಂಗಸರು ‘ಮಲತಾಯಿ ಅಲ್ಲೇನವಾ’ ಅಂದರೆ ಅನ್ನಲಿ. ಅಷ್ಟು ಬಾಯಿಗೆ ಹಾಕುವಷ್ಟು ಬೀಗ ನನ್ನ ಹತ್ತಿರ ಇಲ್ಲ.

ಒಳಕೋಣೆಗೆ ಸುಣ್ಣ ಹಚ್ಚಿಸಿದೆ. ಗೋಡೆ ಹೊಲಸಾಗಿತ್ತು, ಅದಕ್ಕೆ.

ಆಗಸ್ಟ್ 13, ಬುಧವಾರ

ಇವರ ಫೋನು ಇವತ್ತು ಮತ್ತೆ ಕೆಳಗೆ ಬಿತ್ತು. ಗುಂಡಿ ಒತ್ತುವ ಫೋನು, ನಡುವಿಗೆ ರಬ್ಬರ್ ಬ್ಯಾಂಡು. ಬಿದ್ದಾಗಲೆಲ್ಲ ಬ್ಯಾಟರಿ ಹೊರಗೆ ಬರುತ್ತದೆ, ಟೈಮು ಮೊದಲಿಗೆ ಹೋಗುತ್ತದೆ. ಈಗ ಅದರ ಪ್ರಕಾರ ಜನವರಿ ಒಂದನೆಯ ತಾರೀಕು. ಇದನ್ನು ಜೇಬಿನಲ್ಲಿಟ್ಟುಕೊಂಡು ಈ ಮನುಷ್ಯ ಟಿಕೋಟಾದ ಹೈಸ್ಕೂಲಿನಲ್ಲಿ ಗುಮಾಸ್ತಿಕೆ ಮಾಡುತ್ತಾರೆ. ಹೊಸದು ತಗೊಳ್ಳಿ ಅಂದರೆ, ‘ಯಾಕ? ಮಾತು ಕೇಳಸ್ತೈತಲ್ಲ. ಇನ್ನೂ ನಡಿತೈತಿ ಬಿಡು’ ಎನ್ನುತ್ತಾರೆ. ಫೋನಿಗೆ ಕೇಳಿಸುತ್ತದೆ, ನಿಜ. ಇವರಿಗೇ ಕೇಳಿಸುವುದಿಲ್ಲ.

ಅದರಲ್ಲೇ ಕಾವ್ಯಾ ಮಾತಾಡಿದಳು. ಅಪ್ಪನ ಜೊತೆ ಒಂದಿಷ್ಟು, ಅಜ್ಜಿಯ ಜೊತೆ ಬಹಳ. ನನಗೆ ‘ಆರಾಮ ಅದೀರಿ?’ ಅಷ್ಟೇ. ಅತ್ತ ಅವ್ವ ಅನ್ನುವಂತಿಲ್ಲ, ಇತ್ತ ಹೆಸರು ಹಿಡಿಯುವಂತಿಲ್ಲ. ‘ಇವ್ರು’ ಎನ್ನುತ್ತಾಳೆ, ಬಾಡಿಗೆಗೆ ಇದ್ದವರನ್ನು ಅಂದ ಹಾಗೆ.

ಆಗಸ್ಟ್ 24, ರವಿವಾರ

ಮಾಡಿಯೇ ಬಿಟ್ಟೆ.

ಗಣಪತಿ ಹಬ್ಬಕ್ಕೆಂದು ಗಾಂಧಿ ಚೌಕದಲ್ಲಿ ಹಳೆಯದು ಕೊಟ್ಟು ಹೊಸದು ಒಯ್ಯುವ ಮೇಳ ನಡೆದಿದೆ. ಅತ್ತೆ ಸಿದ್ಧೇಶ್ವರ ಗುಡಿಗೆ ಹೋದ ಹೊತ್ತು ನೋಡಿ ಮಿಕ್ಸರನ್ನು ಚೀಲಕ್ಕೆ ತುಂಬಿ ರಿಕ್ಷಾ ಹತ್ತಿದೆ. ಅಂಗಡಿಯ ಹುಸೇನಸಾಬ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

‘ಬಾಯಾರ, ಇಂಥಾ ಮೋಟಾರು ಈಗ ಹುಡಿಕಿದ್ರೂ ಸಿಗಂಗಿಲ್ರಿ. ಖರೇನ ಕೊಡ್ತೀರೇನು?’

‘ಖರೇನ.’

‘ಹೆಸರು ಹೊಡಿಸ್ಯಾರಲ್ರಿ. ಗೌರಾಬಾಯಿ ಅಂದ್ರ ನಿಮ್ಮ ಅತ್ತಿಯಾರೇನ್ರಿ?’

‘ಅಲ್ಲ’ ಎಂದೆ. ಯಾರು ಎಂದು ಹೇಳಲಿಲ್ಲ.

ಹೊಸದು ನೇರಳೆ ಬಣ್ಣದ್ದು. ಮೂರು ಜಾರು, ಮೂರರ ಮುಚ್ಚಳವೂ ಗಟ್ಟಿಯಾಗಿ ಕೂರುತ್ತದೆ. ಮನೆಗೆ ಬಂದ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಹಳೇದು ಎಲ್ಲಿ ಬೇ?’ ಎಂದರು. ಕೊಟ್ಟೆ ಎಂದೆ. ನಮ್ಮ ಅತ್ತೆ ಕಾಶಿಬಾಯಿ ಅಂದರೆ ಉಪ್ಪು ಹೆಚ್ಚಾದರೆ ಮೂರು ದಿನ ಬೈಯುವ ಹೆಂಗಸು; ಈಗ ಬೈಯಲಿಲ್ಲ. ಸೀದಾ ಒಳಗೆ ಹೋಗಿ ಮೊಮ್ಮಗಳಿಗೆ ಫೋನು ಹಚ್ಚಿದರು. ಚಾಡಿ ಹೇಳಲು ಎಷ್ಟು ಅವಸರ ನೋಡು. ಇವರು ‘ನಡೀತಿತ್ತಲ್ಲ ಅದು’ ಎಂದು ಯಾರೋ ತೀರಿಕೊಂಡವರ ಹಾಗೆ ಮುಖ ಮಾಡಿಕೊಂಡು ಕೂತರು.

ಇನ್ನು ಆ ಹುಡುಗಿ ಇತ್ತ ಬಂದ ಹಾಗೇ. ಅಮರಪ್ಪನ ಬಾಯಿಗೆ ನಾನೇ ಸಕ್ಕರೆ ಹಾಕಿದೆ.

ಆಗಸ್ಟ್ 31, ರವಿವಾರ

ಗೋಡೆಯ ಗಡಿಯಾರ ಇಪ್ಪತ್ತು ನಿಮಿಷ ಮುಂದೆ ಇದೆ. ಹಾಳಾಗಿ ಅಲ್ಲ; ಇವರಿಗೆ ಟಿಕೋಟಾ ಬಸ್ಸು ತಪ್ಪಬಾರದೆಂದು ಆಕೆಯೇ ಮುಂದೆ ಇಟ್ಟಿದ್ದಳಂತೆ. ಈಗ ಮನೆಮಂದಿಗೆಲ್ಲ ಇಪ್ಪತ್ತು ಕಳೆಯುವುದು ಉಸಿರಾಡಿದಷ್ಟು ಸಲೀಸು. ಅತ್ತೆಗೆ ಅಕ್ಷರ ಬರುವುದಿಲ್ಲ, ಈ ಲೆಕ್ಕ ಬರುತ್ತದೆ. ಮುಂದಿದೆ ಎಂದು ಗೊತ್ತಿದ್ದ ಮೇಲೆ ಮುಂದೆ ಇಟ್ಟು ಏನು ಬಂತು? ಎಂಥ ಜನವೋ.

ಗೋಡೆಯ ಜೇಡರ ಜಾಡು ತೆಗೆಯುವಾಗ ಕೆಳಗಿಳಿಸಿ ಸರಿಯಾದ ಟೈಮಿಗೆ ಇಟ್ಟೆ. ಯಾರಿಗೂ ಹೇಳಿಲ್ಲ. ಕಣ್ಣಿವೆಯಲ್ಲ, ಕಂಡುಕೊಳ್ಳಲಿ.

ಸೆಪ್ಟೆಂಬರ್ 2, ಮಂಗಳವಾರ

ನಿನ್ನೆ ಇವರಿಗೆ ಬಸ್ಸು ತಪ್ಪಿತು, ಇವತ್ತೂ ತಪ್ಪಿತು. ‘ಈ ಬಸ್ಸಿನಂವ ಈಗೀಗ ಲಗೂನ ಬಿಡಾಕತ್ತಾನ’ ಎಂದು ಡ್ರೈವರನನ್ನು ಬೈದರು. ನಾನು ನಗು ತಡೆಯಲಾರದೆ ಹಿತ್ತಿಲಿಗೆ ಹೋದೆ.

ಒಂದು ಸುದ್ದಿ. ಕಾವ್ಯಾ ತಾನೇ ಫೋನು ಮಾಡಿ, ಗುರುವಾರ ಬಬಲೇಶ್ವರದಲ್ಲಿ ಏಳು ತಿಂಗಳ ಕುಬಸದ ಶಾಸ್ತ್ರ ಮುಗಿದ ಕೂಡಲೇ ನಿಮ್ಮ ಜೊತೆಗೇ ಹೊರಡುತ್ತೇನೆ, ಜೈನಾಪುರಕ್ಕೆ ಹೋಗುವುದಿಲ್ಲ ಎಂದಳಂತೆ. ಅತ್ತೆ ಚಾಡಿ ಹೇಳಿದ ಮೇಲೂ! ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಯಾಕೆ ಎಂದು ನಾನು ಕೇಳಲು ಹೋಗಲಿಲ್ಲ. ಬರುವವಳು ಬರಲಿ.

ಕೋಣೆಗೆ ಹೊಸ ಪರದೆ ತಂದೆ. ಹಸಿರು.

ಸೆಪ್ಟೆಂಬರ್ 4, ಗುರುವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಕಾವ್ಯಾಳ ಅತ್ತೆ ದುಂಡವ್ವ ಮೊದಲೇ ಹೇಳಿ ಕಳಿಸಿದ್ದಳು: ಬಸುರಿ ಹೊಸ್ತಿಲು ದಾಟುವುದು ಮಧ್ಯಾಹ್ನ ಹನ್ನೆರಡರೊಳಗೆ, ಆಮೇಲೆ ಕಳಿಸುವ ಪದ್ಧತಿ ತಮ್ಮಲ್ಲಿಲ್ಲ. ನಾನು ನಸುಕಿನಲ್ಲೇ ಎದ್ದು ಹೋಳಿಗೆ, ಕಡಬು, ಸಜ್ಜಿ ರೊಟ್ಟಿ ಎಲ್ಲ ಮಾಡಿ ಬುತ್ತಿ ಕಟ್ಟಿ ಮುಗಿಸಿದ್ದೆ. ಕಾರು ಬಾಗಿಲಿಗೆ ಬಂದಿತ್ತು. ಇವರು ಗಡಿಯಾರ ನೋಡಿ, ‘ಒಂಬತ್ತೂವರಿ ಅಂದ್ರ ಒಂಬತ್ತು ಹತ್ತು. ಭಾಳ ಹೊತ್ತೈತಿ’ ಎಂದು ದಾಡಿ ಮಾಡಿಕೊಳ್ಳಲು ಕೂತರು. ಅತ್ತೆಯೂ ನೋಡಿದರು, ಅವರೂ ಇಪ್ಪತ್ತು ಕಳೆದರು, ಜಪಕ್ಕೆ ಕೂತರು.

ಟೈಮು ಸರಿಯಿದೆ, ಏಳಿ ಎಂದು ಹೇಳಬಹುದಿತ್ತು. ಹೇಳಿದರೆ ಗಡಿಯಾರ ಮುಟ್ಟಿದವಳು ನಾನೇ ಎಂದು ಗೊತ್ತಾಗುತ್ತಿತ್ತು. ಮಿಕ್ಸರಿನ ಸೂತಕವೇ ಇನ್ನೂ ಮುಗಿದಿರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಏನು ಮಹಾ ಎಂದು ಬಾಯಿ ಮುಚ್ಚಿಕೊಂಡೆ.

ಬಬಲೇಶ್ವರದ ಹತ್ತಿರ ಕುರಿ ಹಿಂಡು ರಸ್ತೆ ತುಂಬ ನಿಂತಿತ್ತು. ಮುಟ್ಟಿದಾಗಲೇ ತಡ. ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬಿ, ಆರತಿ ಮಾಡಿ ಏಳುವಷ್ಟರಲ್ಲಿ ಹನ್ನೆರಡು ದಾಟಿತ್ತು.

‘ಹೊತ್ತು ಇಳಿತ್ರಿ ಬೀಗರ, ಇನ್ನ ಕಳಸಂಗಿಲ್ಲ’ ಎಂದಳು ದುಂಡವ್ವ. ‘ನಾಳಿ ಶುಕ್ರವಾರ, ನಾಡದು ಶನಿವಾರ. ರವಿವಾರ ಗ್ರಹಣ. ಆಮ್ಯಾಲೆ ಪಕ್ಷ ಹಿಡಿತೈತಿ. ಅದು ಮುಗಿಯೂದರಾಗ ಎಂಟು ಹಿಡಿತೈತಿ, ಎಂಟರಾಗ ಯಾರು ಕಳಸ್ತಾರ್ರಿ? ಇನ್ನ ಒಂಬತ್ತಕ್ಕ ನೋಡೂಣು.’

ಊಟಕ್ಕೆ ಕೂತಿದ್ದ ಅಮರಪ್ಪ ಹೋಳಿಗೆ ಮುರಿಯುತ್ತ, ‘ಒಂಬತ್ತಕ್ಕ ನಾ ಬಂದು ಒಯ್ತೇನಿ ಬಿಡ್ರಿ. ಹೊತ್ತಿಗಿ ಬರಾಕ ನಮಗ ಗೊತ್ತೈತಿ’ ಎಂದ. ನಾನು ಮಾಡಿದ ಹೋಳಿಗೆ ಅದು.

ಕಾವ್ಯಾ ಬಟ್ಟೆಯ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟುಕೊಂಡು ನಿಂತಿದ್ದಳು. ಅದನ್ನು ತಾನೇ ಎತ್ತಿ ಒಳಗೆ ಒಯ್ದಳು. ಬಸುರಿ ಭಾರ ಎತ್ತಬಾರದು ಎಂದು ಅಲ್ಲಿದ್ದ ಒಬ್ಬರಿಗೂ ತಿಳಿಯಲಿಲ್ಲ. ನನಗೂ ತಡವಾಗಿ ತಿಳಿಯಿತು.

ಸೆಪ್ಟೆಂಬರ್ 8, ಸೋಮವಾರ

ಗಡಿಯಾರವನ್ನು ಇಪ್ಪತ್ತು ನಿಮಿಷ ಮುಂದೆ ಇಟ್ಟೆ. ಇವರಿಗೆ ಬಸ್ಸು ಸಿಕ್ಕಿತು. ‘ಬಸ್ಸಿನಂವ ಸುಧಾರಸ್ಯಾನ’ ಎಂದರು.

ಅಕ್ಟೋಬರ್ 16, ಗುರುವಾರ

ಎಷ್ಟೋ ದಿನ ಬರೆದಿಲ್ಲ. ಬರೆಯುವಂಥದ್ದೇನಿತ್ತು? ಪಕ್ಷ ಹೋಯಿತು, ದಸರಾ ಹೋಯಿತು. ಅಮರಪ್ಪ ಈಗ ಹೊಸ ಮಾತು ಹಚ್ಚಿದ್ದಾನೆ: ‘ನಮ್ಮ ಗೌರಕ್ಕನ ಮಿಕ್ಸರು ಗುಜರಿಗಿ ಹಾಕಿದಾಕಿ ನಮ್ಮ ಹುಡುಗಿನ್ನ ಹೆಂಗ ನೋಡ್ಯಾಳು?’ ಓಣಿಯ ಸೀತವ್ವ ಈ ಮಾತನ್ನು ಜೈನಾಪುರದಿಂದ ಹೊತ್ತು ತಂದು ನನ್ನ ಕಟ್ಟೆಯ ಮೇಲೆ ಇಳಿಸಿ, ಒಂದು ಕಪ್ಪು ಚಹಾ ಕುಡಿದು ಹೋದಳು.

ಎಲ್ಲಿ ಹೆತ್ತರೂ ಬಾಣಂತಿಗೆ ಅಂಟಿನ ಉಂಡಿ ಬೇಕೇ ಬೇಕು. ಅಮರಪ್ಪನ ಹೆಂಡತಿ ಮಾಡಿದ ಉಂಡಿಯನ್ನು ಕಾವ್ಯಾಳ ಮದುವೆಯಲ್ಲಿ ತಿಂದಿದ್ದೇನೆ. ಹಲ್ಲು ಉಳಿದದ್ದು ಪುಣ್ಯ. ಹಾಗಾಗಿ ನಾನೇ ಮಾಡಲು ಕೂತೆ. ಒಣ ಕೊಬ್ಬರಿ ಹೇಗೋ ಆಯಿತು. ಉತ್ತತ್ತಿ ಹಾಕಿದ್ದೇ ತಡ ನೇರಳೆ ಮಿಕ್ಸರು ಗರ್ ಅಂದಿತು, ಗುರ್ ಅಂದಿತು, ಹೊಗೆ ಬಿಟ್ಟು ಕೂತಿತು. ಎರಡು ತಿಂಗಳು ತುಂಬಿರಲಿಲ್ಲ. ಮೂರು ಜಾರು ಮೂರು ಹೂವಿನ ಹಾಗೆ ಚಂದ ಇವೆ, ಏನು ಮಾಡಲಿ ಕಟ್ಟಿಕೊಂಡು?

ಅಕ್ಟೋಬರ್ 17, ಶುಕ್ರವಾರ

ಮಾನ ಬಿಟ್ಟು ಗಾಂಧಿ ಚೌಕಕ್ಕೆ ಹೋದೆ. ಹುಸೇನಸಾಬ ಸುಟ್ಟದ್ದನ್ನು ಮೂಸಿ ನೋಡಿ, ‘ಉತ್ತತ್ತಿ ಹಾಕೀರಿ’ ಎಂದ. ಹಳೆಯದು ಎಲ್ಲಿ ಎಂದು ಕೇಳಿದೆ. ಮನೆಯಲ್ಲಿದೆಯಂತೆ. ಅವನ ಹೆಂಡತಿ ಜುಲೇಖಾ ಅದನ್ನು ಗುಜರಿಗೆ ಹೋಗಗೊಡದೆ ಮಸಾಲೆ ತಿರುವಲು ಇಟ್ಟುಕೊಂಡಿದ್ದಾಳೆ. ‘ಆಕಿನ್ನ ನೀವ ಕೇಳ್ರಿ. ನನ್ನ ಕೈಲೆ ಆಗಂಗಿಲ್ಲ’ ಎಂದ.

ಅಂಗಡಿಯ ಹಿಂದೆಯೇ ಮನೆ. ಜುಲೇಖಾ ಮೊದಲು, ‘ಕೊಟ್ಟದ್ದು ಕೊಟ್ಟಂಗ ಅಲ್ರಿ ಬಾಯಾರ?’ ಎಂದು ನಕ್ಕಳು. ಬಾಣಂತಿಯ ಉಂಡಿಗೆ ಎಂದೆ.

‘ಮಗಳ ಬಾಣಂತನೇನ್ರಿ?’

‘ಹೂಂ’ ಎಂದೆ. ಇಷ್ಟು ಚಿಕ್ಕ ಮಾತು ಬಾಯಿಂದ ಹೊರಡಲು ಅಷ್ಟು ಹೊತ್ತು ಯಾಕೆ ಹಿಡಿಯಿತೋ.

ಆಕೆ ಜಾರು ತೊಳೆದು, ಒರೆಸಿ, ಚೀಲಕ್ಕೆ ಹಾಕಿ, ಮೇಲೆ ಒಂದು ಮುಷ್ಟಿ ಬದಾಮು ಇಟ್ಟುಕೊಟ್ಟಳು.

ಅಕ್ಟೋಬರ್ 18, ಶನಿವಾರ

ಹಳೆಯ ಮಿಕ್ಸರು ಉತ್ತತ್ತಿಯನ್ನು ಹಿಟ್ಟಿನ ಹಾಗೆ ಮಾಡಿ ಕೊಟ್ಟಿತು. ಮುಚ್ಚಳ ಮಾತ್ರ ಎಂದಿನಂತೆ ಕೂರಲಿಲ್ಲ. ಅಂಗೈಯಿಂದ ಜೋರಾಗಿ ಒತ್ತಿ ಹಿಡಿಯಬೇಕು. ನಿಲ್ಲಿಸಿದ ಮೇಲೂ ಕೈ ಗುಂಯ್ ಅನ್ನುತ್ತದೆ. ಎರಡು ವರ್ಷ ಹಾಗೇ ಒತ್ತಿದ್ದೇನೆ.

ಬೀಜ ಬಿಡಿಸುತ್ತ ಕೂತಿದ್ದ ಅತ್ತೆ ನನ್ನ ಕೈ ನೋಡುತ್ತ ಇದ್ದರು. ‘ಗೌರಾನೂ ಹಂಗ ಒತ್ತಿ ಹಿಡಿತಿದ್ಲು’ ಎಂದರು. ‘ಕೈ ಜುಮ್ ಅಂತಾವು, ಹೊಸಾದು ತರಸ್ರಿ ಅಂತ ಕೇಳಿ ಕೇಳಿ ಬಿಟ್ಲು. ಅಂವ ಇನ್ನೂ ನಡಿತೈತಿ ಅಂತಿದ್ದ. ನಾನೂ ಅದನ್ನ ಅಂದೆ.’

ನಾನು ಮಿಕ್ಸರು ನಿಲ್ಲಿಸಿದೆ.

‘ಹೊಟ್ಟಿ ನೂವು ಅಂದಾಗೂ ಹಂಗ ಅಂದ್ವಿ. ನೀ ಗಟ್ಟಿ ಅದಿ, ಏನಾಗಂಗಿಲ್ಲ ಅಂತ. ಆಕಿ ನೂವು ಇಟಗೊಂಡ ರೊಟ್ಟಿ ಬಡದ್ಲು. ದವಾಖಾನಿಗಿ ಒಯ್ಯೂದರಾಗ ತಡಾ ಆಗಿತ್ತು.’ ಅತ್ತೆ ಮತ್ತೊಂದು ಉತ್ತತ್ತಿ ತೆಗೆದುಕೊಂಡು ಬೀಜ ಬಿಡಿಸಿದರು.

ಎರಡು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಕಾಯಿಲೆ ಬಂದು ಹೋದಳು ಎಂದಿದ್ದರು. ನಾನೂ ಕೇಳಿದವಳಲ್ಲ.

ಸಂಜೆ ಇವರು ಬಂದು ಮಿಕ್ಸರು ನೋಡಿ ಕಣ್ಣರಳಿಸಿದರು. ‘ನೋಡಿದ್ಯಾ ಮಹಾನಂದಾ, ನಾ ಹೇಳಿರಲಿಲ್ಲ? ಇನ್ನೂ ನಡಿತೈತಿ.’ ಮಿಕ್ಸರಿಗೆ ಅಂದರೋ ನನಗೆ ಅಂದರೋ ಎಂದು ಒಂದು ಕ್ಷಣ ತಿಳಿಯಲಿಲ್ಲ. ತಟ್ಟೆ ಕುಕ್ಕಿ ಇಟ್ಟೆ. ಇವರಿಗೆ ಅದೂ ಕೇಳಿಸಲಿಲ್ಲ.

ಅಕ್ಟೋಬರ್ 30, ಗುರುವಾರ

ಒಂಬತ್ತು ಹಿಡಿದಿದೆ. ಇವತ್ತು ಬಬಲೇಶ್ವರಕ್ಕೆ ಹೋದೆವು. ಕರೆದರೆ ಬರುತ್ತಾಳೋ ಇಲ್ಲವೋ ಎಂದು ಯಾರಿಗೂ ಗೊತ್ತಿರಲಿಲ್ಲ. ಮುಂಜಾನೆಯೇ ಮುಟ್ಟಿದೆವು. ಅಮರಪ್ಪನ ಜೀಪು ನಮಗಿಂತ ಮೊದಲೇ ಬಾಗಿಲಲ್ಲಿ ನಿಂತಿತ್ತು.

ಪಡಸಾಲೆಯಲ್ಲಿ ಎಲ್ಲರೂ ಕೂತರು. ದುಂಡವ್ವ, ‘ಹುಡುಗಿ ಎಲ್ಲಿ ಅಂತಾಳ ಅಲ್ಲಿಗಿ’ ಎಂದು ಕೈ ತೊಳೆದುಕೊಂಡಳು. ಅಳಿಯ ರಾಹುಲ ಗೋಡೆಗೆ ಒರಗಿ ನಿಂತು ನೆಲ ನೋಡಿದ. ಅಮರಪ್ಪ ಗಂಟಲು ಸರಿಮಾಡಿಕೊಂಡ. ‘ನಮ್ಮ ಗೌರಕ್ಕಂದು ಒಂದ ಸಾಮಾನರೆ ಆ ಮನ್ಯಾಗ ಉಳದೈತೇನು? ತವರಂತ ಯಾತಕ್ಕ ಕರೀಬೇಕು ಅದನ್ನ?’

ಇವರು ಇಂಥದ್ದಕ್ಕೇ ಕಾದವರ ಹಾಗೆ ಎದ್ದರು. ‘ಯಾಕ ಉಳದಿಲ್ಲ? ಮಿಕ್ಸರು ವಾಪಸ್ ತಂದೇವಿ. ಮಹಾನಂದಾನ ಹೋಗಿ ತಂದಾಳ. ಗಡಿಯಾರ ಐತಿ, ಇಸ್ತ್ರಿ ಐತಿ. ಗೌರಾ ಇದ್ದಾಗ ಹೆಂಗಿದ್ದೂ ಹಂಗ ಅದಾವು. ಮೂವತ್ತು ವರ್ಷಾತು, ಒಂದಕ್ಕೂ ಏನೂ ಆಗಿಲ್ಲ.’

ಕಾವ್ಯಾ ಅಪ್ಪನನ್ನೇ ನೋಡುತ್ತಿದ್ದಳು. ‘ಹೌದಪ್ಪ’ ಎಂದಳು. ‘ಸಾಮಾನಿಗಿ ಏನೂ ಆಗಲಿಲ್ಲ. ಅವ್ವಗ ಆತು.’

ಇವರು ನಿಂತವರು ನಿಂತೇ ಇದ್ದರು.

ಅವಳು ನನ್ನ ಕಡೆ ತಿರುಗಿದಳು. ‘ಅಜ್ಜಿ ಫೋನ್ ಮಾಡಿ, ಮಿಕ್ಸರು ಒಯ್ದು ಕೊಟ್ಟು ಬಂದ್ಲು ನೋಡು ಅಂದಾಗ ನನಗ ಎಷ್ಟು ಸಂತೋಷ ಆಗಿತ್ತು ಗೊತ್ತೇನ್ರಿ? ಆ ಮನ್ಯಾಗ ಒಬ್ಬರರೆ ಅದನ್ನ ಹೊರಗ ಹಾಕಿದ್ರಲ್ಲ ಅಂತ. ಅದಕ್ಕ ಬರ್ತೇನಿ ಅಂದಿದ್ದೆ. ಮತ್ತ ಯಾಕ ತಂದ್ರಿ?’

ಎರಡು ತಿಂಗಳು ನಾನು ಅತ್ತೆಯನ್ನು ಚಾಡಿಕೋರಿ ಎಂದು ಬೈದುಕೊಂಡಿದ್ದೆ. ತಂದ ಕಾರಣವನ್ನು ಚಂದ ಮಾಡಿ ಹೇಳಬಹುದಿತ್ತು. ಬಾಯಿಗೆ ಬಂದದ್ದು ಖರೆ ಮಾತು.

‘ಹೊಸಾದು ಸುಟ್ಟು ಹೋತು. ನಿನಗ ಅಂಟಿನ ಉಂಡಿ ಮಾಡಬೇಕಿತ್ತು. ನಾಕು ಉತ್ತತ್ತಿಗಿ ಹೊಗಿ ಬಿಟ್ಟು ಕುಂತಿತು.’

‘ಕುಂತ ಬಿಡ್ತು?’

‘ಕುಂತ ಬಿಡ್ತು.’

ಕಾವ್ಯಾ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ‘ಅದು ಶಾಣ್ಯಾ ಮಿಕ್ಸರು’ ಎಂದಳು. ಆಮೇಲೆ ಒಳಗೆ ಹೋಗಿ ಚೀಲ ತಂದಳು. ಈ ಸಲ ನಾನು ಎದ್ದು ಹೋಗಿ ಅವಳ ಕೈಯಿಂದ ತೆಗೆದುಕೊಂಡೆ. ಅಮರಪ್ಪ ಏನೋ ಹೇಳಲು ಬಂದ. ನಾನು ಅವನಿಗೆ ಒಂದು ಡಬ್ಬಿ ಉಂಡಿ ಕೊಟ್ಟೆ, ಹೆಂಡತಿಗೂ ತೋರಿಸಲಿ ಎಂದು.

ದಾರಿಯುದ್ದಕ್ಕೂ ಇವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಒಮ್ಮೆ ಮೂಗು ಏರಿಸಿದ್ದು ಕೇಳಿಸಿತು. ನನಗೆ ಕನಿಕರ ಬರಬೇಕಿತ್ತೇನೋ, ಬರಲಿಲ್ಲ. ಗೌರಕ್ಕನೂ ಒಮ್ಮೆ ಹಾಗೆ ಹೊಗೆ ಬಿಟ್ಟು ಕೂತುಬಿಟ್ಟಿದ್ದರೆ ಎಂದು ಯೋಚಿಸುತ್ತ ಬಂದೆ.

ನವೆಂಬರ್ 6, ಗುರುವಾರ

ಮಲಗಿಕೊಂಡೇ ಬರೆಯುತ್ತಿದ್ದೇನೆ. ಬೆಳಿಗ್ಗೆ ಏಳುವಾಗ ಮೈ ಬಿಸಿ, ಕೈಕಾಲಲ್ಲಿ ಸೆಳೆತ. ದೊಡ್ಡದೇನಲ್ಲ. ಇದಕ್ಕಿಂತ ಹೆಚ್ಚಿನ ಜ್ವರದಲ್ಲಿ ತಮ್ಮನ ಮದುವೆಗೆ ಪಂಕ್ತಿ ಮೇಲೆ ಪಂಕ್ತಿ ಬಡಿಸಿದವಳು ನಾನು. ಚಹಾಕ್ಕೆ ಇಡೋಣ ಎಂದು ಕಾಲು ಕೆಳಗೆ ಬಿಟ್ಟೆ. ಮತ್ತೆ ಮೇಲೆ ತೆಗೆದುಕೊಂಡು ಹೊದ್ದುಕೊಂಡೆ.

ಇವರು ಬಾಗಿಲಿಗೆ ಬಂದರು. ‘ಚಾ ಆಗಿಲ್ಲೇನು?’

‘ಇಲ್ಲ.’

‘ಯಾಕ, ಏನಾಗೇತಿ?’

‘ಜ್ವರ. ಏಳಾಕ ಆಗಂಗಿಲ್ಲ ನನ್ನ ಕೈಲೆ.’

ಹಣೆ ಮುಟ್ಟಿದರು. ‘ಏನಾಗಂಗಿಲ್ಲ, ನೀ ಗಟ್...’ ಎಂದವರು ಅಲ್ಲಿಗೇ ನಿಂತರು. ಕೈ ನನ್ನ ಹಣೆಯ ಮೇಲೇ ಇತ್ತು. ಪಕ್ಕದ ಕೋಣೆಯಿಂದ ಕಾವ್ಯಾ ನಡುವಿಗೆ ಕೈ ಕೊಟ್ಟುಕೊಂಡು ಬಂದಳು.

‘ಅಪ್ಪಾ, ರಿಕ್ಷಾ ತರ್ರಿ. ದವಾಖಾನಿಗಿ ಹೋಗೂದೈತಿ.’

ಇವರು ಗಾಬರಿಯಾದರು. ‘ಬ್ಯಾನಿ ಸುರು ಆದೂ ಏನವಾ?’

‘ನನಗಲ್ರಿ. ಇವ್ರಿಗೆ.’

ಇವರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕಣ್ಣು ಮುಚ್ಚಿಕೊಂಡು ಒಂದು ಸಲ ನರಳಿದೆ. ಅಷ್ಟೇ, ಐವತ್ತೈದರ ಆ ಮನುಷ್ಯ ಬನಿಯನ್ನಿನ ಮೇಲೆಯೇ, ಚಪ್ಪಲಿ ಕೂಡ ಹಾಕಿಕೊಳ್ಳದೆ ರಿಕ್ಷಾ ತರಲು ಗುಡಿಯ ಕಡೆಗೆ ಓಡಿದರು. ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದಾರಂತೆ. ಕಾವ್ಯಾ ಕಿಟಕಿಯಲ್ಲಿ ನಿಂತು ಹೇಳುತ್ತಿದ್ದಾಳೆ. ಮೂರ್ಖ ಮನುಷ್ಯ. ಸಾದಾ ಜ್ವರ, ಒಂದು ಗುಳಿಗೆಗೆ ಹೋಗುವಂಥದ್ದು. ಹಾಗಂತ ಹೇಳಬಹುದಿತ್ತು. ಹೇಳಲಿಲ್ಲ.